ಹೊಟ್ಟೆಯೊಳಗಿನ ಮುಗಿಯದ ಕಾಳಗ

‘ಗ್ಯಾಸ್ಟ್ರಿಕ್’ ಎಂಬ ಶಬ್ದ ಕೇಳದ ಮನೆ ನಮ್ಮ ದೇರೆಬೈಲಿನಲ್ಲಿ ಇರಲಾರದು. ಹೊಟ್ಟೆ ಉರಿದರೆ ಮೀನುಸಾರಿನ ಮೆಣಸನ್ನು ದೂರುತ್ತೇವೆ, ಎರಡು ಹೊತ್ತು ಕುಚ್ಚಲಕ್ಕಿ ಗಂಜಿ ಉಣ್ಣುತ್ತೇವೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇವೆ. ಜಠರದ ಹುಣ್ಣಿಗೆ ಆಮ್ಲ, ಖಾರ, ಚಿಂತೆಗಳೇ ಕಾರಣವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯ ಬದುಕೀತೇ ಎಂದು ಕೇಳುತ್ತಿದ್ದರು.

ಬದುಕುತ್ತದೆ! ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 1979ರಲ್ಲಿ ಡಾ. ರಾಬಿನ್ ವಾರೆನ್ ರೋಗಿಯ ಜಠರದ ತುಣುಕಿನಲ್ಲಿ ಬಾಗಿದ ಬ್ಯಾಕ್ಟೀರಿಯಗಳನ್ನು ಕಂಡರು. 1982ರಲ್ಲಿ ಅವರೂ ಡಾ. ಬ್ಯಾರಿ ಮಾರ್ಷಲ್ ಅವರೂ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಪರೀಕ್ಷಿಸಿದಾಗ ಜಠರದ ಒಳಪದರದಲ್ಲಿ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆ ಜೀವಿಯೇ ಹೆಲಿಕೋಬ್ಯಾಕ್ಟರ್ ಪೈಲೋರಿ.

ಇದರ ಬಳಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತದೆ. ಅಮೋನಿಯ ಪ್ರತ್ಯಾಮ್ಲವಲ್ಲವೇ? ಹೀಗೆ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಬಾಲದಂಥ ಎಳೆಗಳಿಂದ ಈಜಿ, ಜಠರದ ಗೋಡೆಗೆ ಅಂಟಿರುವ ಲೋಳೆಯೊಳಗೆ ಅದು ಬಿಡಾರ ಹೂಡುತ್ತದೆ.

ನಮ್ಮ ರಕ್ಷಣಾ ವ್ಯವಸ್ಥೆ ಆಗ ಸುಮ್ಮನಿರುವುದೇ? ಇಲ್ಲ. ಗೋಡೆಯ ಕೋಶಗಳು ರಾಸಾಯನಿಕ ಸಂದೇಶ ಕಳಿಸುತ್ತವೆ. ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ನುಗ್ಗುತ್ತವೆ, ಹಿಂದೆಯೇ ಟಿ ಮತ್ತು ಬಿ ಕೋಶಗಳು ಬರುತ್ತವೆ. ಬಿ ಕೋಶಗಳು ಪ್ರತಿಕಾಯಗಳನ್ನೂ ತಯಾರಿಸುತ್ತವೆ. ನೆಗಡಿಯಾಗಿದ್ದರೆ ವಾರದಲ್ಲಿ ಕಾಳಗ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಚಿಕಿತ್ಸೆ ಇಲ್ಲದಿದ್ದರೆ ಹತ್ತಾರು ವರ್ಷ, ಎಷ್ಟೋ ಸಲ ಜೀವಮಾನವಿಡೀ ನಡೆಯುತ್ತದೆ.

ಕಾರಣಗಳು ಹಲವು. ಶತ್ರು ಹೆಚ್ಚಾಗಿ ಗೋಡೆಯ ಆಚೆ ಲೋಳೆಯಲ್ಲಿದೆ, ಸೈನ್ಯ ಈಚೆ ಇದೆ. ಇತರ ಬ್ಯಾಕ್ಟೀರಿಯಗಳ ಬಾಲದ ಪ್ರೋಟೀನನ್ನು ನಮ್ಮ ಕಾವಲು ಕೋಶಗಳು ಸುಲಭವಾಗಿ ಗುರುತಿಸುತ್ತವೆ, ಇದರದನ್ನು ಗುರುತಿಸಲಾರವು. ಇದು ಸ್ರವಿಸುವ ಒಂದು ವಿಷ ಟಿ ಕೋಶಗಳು ವೃದ್ಧಿಯಾಗದಂತೆ ತಡೆಯುತ್ತದೆ. ಜೊತೆಗೆ, ಕಾಳಗ ಮಿತಿಮೀರಿ ಸ್ವಂತ ಮನೆಯೇ ಸುಡಬಾರದೆಂದು ದೇಹವೇ ಕೆಲವು ಟಿ ಕೋಶಗಳಿಂದ ಕಡಿವಾಣ ಹಾಕಿಸುತ್ತದೆ. ಬ್ಯಾಕ್ಟೀರಿಯಕ್ಕೆ ಅದೂ ಅನುಕೂಲವೇ.

ಇದು ವೇಷ ಬದಲಿಸುವುದರಲ್ಲೂ ನಿಪುಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಡಿ.ಎನ್. ರಾವ್ ಮತ್ತು ಸಂಗಡಿಗರು, ಇದರ ಡಿ.ಎನ್.ಎ. ಮೇಲೆ ರಾಸಾಯನಿಕ ಗುರುತು ಹಾಕುವ ಕಿಣ್ವಗಳನ್ನು ಅಭ್ಯಸಿಸಿದ್ದಾರೆ. ಇಂಥ ಕೆಲವು ಕಿಣ್ವಗಳ ಜೀನ್‌ಗಳು ಸ್ವಿಚ್ಚಿನಂತೆ ಆರುತ್ತ ಹೊತ್ತುತ್ತ ಬೇರೆ ಜೀನ್‌ಗಳ ಕೆಲಸವನ್ನೂ ಬದಲಿಸುತ್ತವೆ.

ಯುದ್ಧ ನಡೆದಲ್ಲಿ ಹೊಲ ಹಾಳಾಗದಿರುತ್ತದೆಯೇ? ಬಿಳಿರಕ್ತಕಣಗಳು ಸುರಿಯುವ ತೀಕ್ಷ್ಣ ರಾಸಾಯನಿಕಗಳು ನಮ್ಮ ಕೋಶಗಳನ್ನೂ ಸುಡುತ್ತವೆ. ಸೋಂಕಿರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣದು. ಕೆಲವರಿಗೆ ಹುಣ್ಣಾಗುತ್ತದೆ, ತೀರ ಕೆಲವರಿಗೆ ಕ್ಯಾನ್ಸರ್. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು.

ಪೋಷಕರು ಗಮನಿಸಬೇಕಾದ್ದು ಇಷ್ಟು. ಸೋಂಕು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯವರಿಂದಲೇ ಬರುತ್ತದೆ. ಶೌಚದ ನಂತರವೂ ಊಟದ ಮೊದಲೂ ಸೋಪಿನಿಂದ ಕೈ ತೊಳೆಯುವ ಅಭ್ಯಾಸ ಚಿಕ್ಕಂದಿನಲ್ಲೇ ಬೇಕು. ಹೊಟ್ಟೆನೋವು ವಾರಗಟ್ಟಲೆ ಉಳಿದರೆ, ತೂಕ ಇಳಿದರೆ, ಮಲ ಕಪ್ಪಾದರೆ ಅಂಗಡಿಯ ಮಾತ್ರೆಯಲ್ಲೇ ಕಾಲ ಕಳೆಯಬೇಡಿ, ವೈದ್ಯರಲ್ಲಿಗೆ ಹೋಗಿ. ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಅದರಿಂದ ಸೋಂಕಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಆಂಟಿಬಯಾಟಿಕ್ ಕೊಟ್ಟರೆ, ಸಾಮಾನ್ಯವಾಗಿ ಅದು 14 ದಿನಗಳದ್ದು, ನಾಲ್ಕನೇ ದಿನ ನೋವು ಹೋಯಿತೆಂದು ನಿಲ್ಲಿಸಬೇಡಿ. ಉಳಿದ ಬ್ಯಾಕ್ಟೀರಿಯ ಮದ್ದಿಗೆ ಬಗ್ಗದಂತಾಗುತ್ತದೆ.

ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ರಕ್ತದ ಪ್ರತಿಕಾಯ ಪರೀಕ್ಷೆ ಸಾಲದು, ಏಕೆ? ಬ್ಯಾಕ್ಟೀರಿಯ ಅಳಿದರೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ. ಅದಕ್ಕೇ ಗುರುತಿನ ಕಾರ್ಬನ್ ಇರುವ ಯೂರಿಯ ಕುಡಿಸಿ ಉಸಿರು ಪರೀಕ್ಷಿಸುತ್ತಾರೆ. ಆ ಕಾರ್ಬನ್ ಉಸಿರಿನಲ್ಲಿ ಹೊರಬಂದರೆ ಏನರ್ಥ? ಮೇಲೆ ಹೇಳಿದ ಕಿಣ್ವವನ್ನು ನೆನಪಿಸಿಕೊಳ್ಳಿ, ಉತ್ತರ ಸಿಗುತ್ತದೆ.