ಉತಾರದ ಬೋಜಾ ಇಳಿಸುವವರು ಯಾರು?

ಬೆಳೆಸಾಲ ತೀರಿಸಿ ವರ್ಷ ಕಳೆದರೂ ಉತಾರದ (ಪಹಣಿಯ) 11ನೇ ಕಲಂನಲ್ಲಿ ಬ್ಯಾಂಕಿನ ಬೋಜಾ, ಅಂದರೆ ಸಾಲದ ಋಣಭಾರ, ಹಾಗೇ ಕೂತಿರುವುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಿಗೆ ಹೊಸ ಸುದ್ದಿಯೇನಲ್ಲ. ಬ್ಯಾಂಕಿನ ಕಂಪ್ಯೂಟರ್ ಪ್ರಕಾರ ಸಾಲ ಮುಗಿದಿದೆ. ಕಂದಾಯ ಇಲಾಖೆಯ ಕಂಪ್ಯೂಟರ್ ಪ್ರಕಾರ ಇನ್ನೂ ಇದೆ. ಎರಡೂ ಅಧಿಕೃತ ದಾಖಲೆಗಳೇ, ಎರಡಕ್ಕೂ ಸಹಿ ಇದೆ. ಈ ಎರಡರ ನಡುವೆ ಓಡಾಡುವವನು ಮಾತ್ರ ರೈತ: ಬ್ಯಾಂಕಿನಲ್ಲಿ ಬೇಬಾಕಿ ಪತ್ರ, ಅಲ್ಲಿಂದ ಸಬ್ ರಜಿಸ್ಟ್ರಾರ್ ಕಚೇರಿ, ಅಲ್ಲಿಂದ ತಹಶೀಲ್ದಾರರ ಕಚೇರಿ. ಇಲಾಖೆಗಳ ತಂತ್ರಾಂಶಗಳನ್ನು ಜೋಡಿಸುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ಮುಂಚೂಣಿಯಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಜೋಡಣೆ ತಪ್ಪಿದಾಗ ಅದರ ಹೊಣೆ ಯಾರದು ಎಂಬುದನ್ನು ನಾವು ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸದೇ ಬಿಟ್ಟಿರುವುದರಿಂದ ಆ ಹೊಣೆ ತಾನಾಗಿಯೇ ರೈತನ ಹೆಗಲೇರಿದೆ. ಅದನ್ನು ಅಲ್ಲಿಂದ ಇಳಿಸಿ ಕಚೇರಿಯ ಮೇಜಿನ ಮೇಲೆ ಇಡುವ ತನಕ ಎಷ್ಟು ಸರ್ವರ್‌ಗಳನ್ನು ಜೋಡಿಸಿದರೂ ಕೆಲಸ ಅರ್ಧವೇ.

ಈ ಕಥೆ ಎರಡು ದಶಕಕ್ಕೂ ಹಳೆಯದು. 2000ದ ಆಸುಪಾಸಿನಲ್ಲಿ ಶುರುವಾದ ‘ಭೂಮಿ’ ಯೋಜನೆ ಆಗಿನ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಲಾಠಿಯ ಕೈಬರಹದ ಉತಾರಕ್ಕೆ ಕಾನೂನಿನ ಬೆಲೆ ಹೋಯಿತು. ₹15 ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲೇ ಪ್ರತಿ ಸಿಗತೊಡಗಿತು. ಕೆಲವೇ ವರ್ಷಗಳಲ್ಲಿ ನೋಂದಣಿ ಇಲಾಖೆಗೆ ‘ಕಾವೇರಿ’ ಬಂತು. ಅಲ್ಲಿಗೆ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು: ಜಮೀನು ಮಾರಿದ್ದು ಒಂದು ಕಂಪ್ಯೂಟರಿಗೆ ಗೊತ್ತು, ಜಮೀನು ಯಾರದೆಂಬುದು ಇನ್ನೊಂದು ಕಂಪ್ಯೂಟರಿಗೆ ಗೊತ್ತು, ಆದರೆ ಅವೆರಡರ ನಡುವೆ ಹೋಗುತ್ತಿದ್ದುದು ‘ಜೆ’ ನಮೂನೆಯ ಕಾಗದ. ಆ ಚೀಟಿ ಕಟ್ಟಿನಲ್ಲಿ ಕೊಳೆಯುವಷ್ಟು ದಿನ ಹೊಲ ಹಳೆಯ ಮಾಲೀಕನ ಹೆಸರಿನಲ್ಲೇ ಇರುತ್ತಿತ್ತು. ಅದೇ ಹೊಲವನ್ನು ಎರಡನೇ ಸಲ ಮಾರಿದವರೂ ಇದ್ದರು. ಎರಡೂ ತಂತ್ರಾಂಶಗಳನ್ನು ನೇರವಾಗಿ ಜೋಡಿಸಿದ್ದು ಈ ಕಾರಣಕ್ಕೆ. ಈಗ ನೋಂದಣಿಗೆ ಮೊದಲೇ ಕಾವೇರಿ ಭೂಮಿಯನ್ನು ಕೇಳುತ್ತದೆ: ಮಾರುತ್ತಿರುವವನ ಹೆಸರು ಪಹಣಿಯಲ್ಲಿದೆಯೇ, ಅಷ್ಟು ವಿಸ್ತೀರ್ಣ ಇದೆಯೇ? ನೋಂದಣಿಯಾದ ಮೇಲೆ ಭೂಮಿಗೆ ತಾನೇ ತಿಳಿಸುತ್ತದೆ.

ದೊಡ್ಡ ಕಂಪನಿಗಳ ತಂತ್ರಾಂಶ ತಜ್ಞರು ಇದನ್ನೇ ಸೇವಾಧಾರಿತ ವಿನ್ಯಾಸ ಎಂದು ಕರೆಯುತ್ತಾರೆ. ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರಕ್ಕೊಂದು, ದಾಸ್ತಾನಿಗೊಂದು, ಸಂಬಳಕ್ಕೊಂದು ತಂತ್ರಾಂಶ ಇದ್ದರೆ ಎಲ್ಲವನ್ನೂ ಕೆಡವಿ ಒಂದೇ ಮಾಡುವುದಿಲ್ಲ. ಪ್ರತಿಯೊಂದೂ ತನ್ನ ಮಾಹಿತಿಯನ್ನು ತನ್ನ ಬಳಿಯೇ ಇಟ್ಟುಕೊಂಡು, ನಿಗದಿತ ಪ್ರಶ್ನೆಗೆ ನಿಗದಿತ ರೂಪದಲ್ಲಿ ಉತ್ತರ ಕೊಡುವ ಕಿಟಕಿಯೊಂದನ್ನು ತೆರೆಯುತ್ತದೆ. ಒಳಗಿನ ತಂತ್ರಾಂಶ ಬದಲಾದರೂ ಕಿಟಕಿಯ ಮಾತು ಬದಲಾಗಬಾರದು ಎಂಬುದು ನಿಯಮ. ಆದರೆ ಇದು ಅರ್ಧ ಪಾಠ. ಉಳಿದರ್ಧ ಪ್ರಕ್ರಿಯಾ ನಿರ್ವಹಣೆ: ಈ ಕೆಲಸದಲ್ಲಿ ಮುಂದಿನ ಹೆಜ್ಜೆ ಯಾರದು, ಎಷ್ಟು ದಿನದೊಳಗೆ, ಉತ್ತರ ಬಾರದಿದ್ದರೆ ಯಾರ ಗಮನಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಬರೆದಿಟ್ಟು, ಪ್ರತಿ ಅರ್ಜಿಯನ್ನೂ ಕೊನೆ ಮುಟ್ಟುವ ತನಕ ಹಿಂಬಾಲಿಸುವುದು. ಮೊದಲ ಅರ್ಧವನ್ನು ನಮ್ಮ ಇಲಾಖೆಗಳು ಚೆನ್ನಾಗಿ ಕಲಿತಿವೆ. ಎರಡನೆಯದರಲ್ಲಿ ಮುಗ್ಗರಿಸಿವೆ.

ಸಂಗೊಳ್ಳಿಯ ಸೀಮೆಯಲ್ಲಿ ನಾಲ್ಕು ಎಕರೆಯ ಒಂದು ಸರ್ವೆ ನಂಬರಿನಿಂದ ಎರಡು ಎಕರೆ ಮಾರುವುದಿದೆ ಎಂದುಕೊಳ್ಳೋಣ. ಮೊದಲು ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿ ಅರ್ಜಿ, ಸರ್ವೇಯರ್ ಬಂದು ಅಳೆದು 11ಇ ನಕ್ಷೆ ಮಾಡಬೇಕು. ಆ ನಕ್ಷೆಯಿಲ್ಲದೆ ಕಾವೇರಿಯಲ್ಲಿ ನೋಂದಣಿ ಇಲ್ಲ. ನೋಂದಣಿಯಾದ ಮೇಲೆ ಭೂಮಿಯಲ್ಲಿ ಮ್ಯುಟೇಶನ್ ಸಾಲಿಗೆ ಹೋಗುತ್ತದೆ, ತಕರಾರಿಗೆ ನೋಟಿಸು, ಅವಧಿ ಮುಗಿದ ಮೇಲೆ ಕಂದಾಯ ನಿರೀಕ್ಷಕರ ಒಪ್ಪಿಗೆ, ಆಮೇಲೆ ಹೊಸ ಉತಾರ. ಕೊಂಡವನು ಬೆಳೆಸಾಲ ಕೇಳಿದರೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಅವನ ರೈತ ಗುರುತಿನ ಸಂಖ್ಯೆಗೆ ಈ ಸರ್ವೆ ನಂಬರ್ ಸೇರಬೇಕು. ಬ್ಯಾಂಕು ಅದರ ಮೂಲಕವೇ ಘೋಷಣೆ ಕಳಿಸಿ ಬೋಜಾ ಏರಿಸುತ್ತದೆ. ಲೆಕ್ಕ ಹಾಕಿದರೆ ನಾಲ್ಕು ತಂತ್ರಾಂಶ, ನಾಲ್ಕು ಕಚೇರಿ. ಒಂದೊಂದು ಕೊಂಡಿಯೂ ಪ್ರತ್ಯೇಕವಾಗಿ ಚೆನ್ನಾಗಿದೆ. ಆದರೆ ನಡುವಿನ ಯಾವುದೋ ಒಂದು ಸಂದೇಶ ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂದು ತಿರುಗಿ ಬಂದರೆ ಅದು ಯಾರ ಮೇಜಿಗೂ ಹೋಗುವುದಿಲ್ಲ. ತಿಂಗಳಾದ ಮೇಲೆ ರೈತ ಬಂದು ಕೇಳಿದಾಗಲೇ ಅದು ನಿಂತಿದೆ ಎಂದು ಗೊತ್ತಾಗುವುದು. ‘ಅದು ನಮ್ಮ ಸಿಸ್ಟಮ್‌ನಲ್ಲಿ ಬಂದಿಲ್ರಿ, ಅವರನ್ನ ಕೇಳ್ರಿ’ ಎಂಬ ಉತ್ತರದಲ್ಲಿ ಸುಳ್ಳಿಲ್ಲ. ಹೇಳುವವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ, ತೊಂದರೆ ಅಲ್ಲೇ ಇರುವುದು.

ಬೋಜಾದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏರಿಸುವಾಗ ಗರಜು ಬ್ಯಾಂಕಿಗೆ, ಏಕೆಂದರೆ ಬೋಜಾ ಏರದೆ ಸಾಲ ಕೊಡುವಂತಿಲ್ಲ. ಆದ್ದರಿಂದ ಆ ಸಂದೇಶ ತಡವಾಗುವುದೇ ಇಲ್ಲ. ಇಳಿಸುವಾಗ ಗರಜು ರೈತನೊಬ್ಬನಿಗೆ. ತಂತ್ರಾಂಶದಲ್ಲಿ ದಾರಿ ಇದ್ದರೂ ಮೊದಲ ಹೆಜ್ಜೆ ಇಡಬೇಕಾದದ್ದು ಬ್ಯಾಂಕು, ಇಡದಿದ್ದರೆ ಕೇಳುವವರಿಲ್ಲ. ಪಿಕೆಪಿಎಸ್‌ಗಳದು, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳದು, ಮತ್ತೂ ಹಿಂದಿನ ಸ್ಥಿತಿ. ಸಹಕಾರ ಚಳವಳಿ ಈ ಸೀಮೆಗೆ ಪರಕೀಯವಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಪತ್ತಿನ ಸಂಘ ಹುಟ್ಟಿತ್ತು. ಆದರೆ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ ₹2,516 ಕೋಟಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಖಾತೆಕಿರ್ದಿಯಲ್ಲೇ ಸಾಲ ಮುಗಿಯುವ ಕಡೆ ಸಂದೇಶ ಹೊರಡುವ ಮಾತೇ ಇಲ್ಲವಲ್ಲ.

ದುಡ್ಡು ಹಂಚುವ ಹೊತ್ತಿನಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. 2018ರ ಸಾಲಮನ್ನಾದಲ್ಲಿ ಬ್ಯಾಂಕಿನ ಖಾತೆ, ಆಧಾರ್, ರೇಷನ್ ಕಾರ್ಡ್, ಪಹಣಿ ನಾಲ್ಕನ್ನೂ ತಾಳೆ ಹಾಕಲಾಯಿತು. ಒಂದೇ ಕುಟುಂಬ ಹಲವು ಸಲ ಲಾಭ ಪಡೆಯುವುದು ತಪ್ಪಿತು, ಅದು ಒಳ್ಳೆಯದೇ. ತಾಳೆಯಾಗದವರು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆದರು. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಪರಿಹಾರ ಹೋದದ್ದು ಫ್ರೂಟ್ಸ್ ಗುರುತಿನ ಸಂಖ್ಯೆಯ ಆಧಾರದ ಮೇಲೆ. 2024ರ ಆರಂಭದಲ್ಲಿ ಮೊದಲ ಕಂತಾಗಿ ₹2,000ದವರೆಗೆ ನೇರ ಖಾತೆಗೆ ಬಿತ್ತು. ಪಟ್ಟಿ ಬರೆಯುವವರ ಕೈಬಿಸಿ ಮಾಡುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಆದರೆ ಉತಾರದಲ್ಲಿ ಅಜ್ಜನ ಹೆಸರಿದ್ದು ವಾರಸಾ ಆಗದ ಹೊಲಗಳು, ಉತಾರದಲ್ಲಿ ‘ಬಸಪ್ಪ’ ಆಧಾರ್‌ನಲ್ಲಿ ‘ಬಸವಣ್ಣೆಪ್ಪ’ ಆದವರು, ಅಡ್ಡಹೆಸರು ಒಂದರಲ್ಲಿ ಮುಂದೆ ಇನ್ನೊಂದರಲ್ಲಿ ಹಿಂದೆ ಆದವರು ಹೊರಗುಳಿಯುತ್ತಾರೆ. ಹೊಲ ಅವರದೇ, ಬೆಳೆ ಒಣಗಿದ್ದೂ ಅವರದೇ. ಕಂಪ್ಯೂಟರ್ ‘ಇಲ್ಲ’ ಎಂದಾಗ ಆ ‘ಇಲ್ಲ’ವನ್ನು ಕೆಲಸವೆಂದು ಎಣಿಸಿ ಯಾರಿಗಾದರೂ ಒಪ್ಪಿಸಬೇಕಿತ್ತು. ನಮ್ಮಲ್ಲಿ ಅದನ್ನೇ ತೀರ್ಪೆಂದು ಎಣಿಸಲಾಗುತ್ತದೆ.

ಇದಕ್ಕೆ ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ ಏನಾಗುತ್ತದೆ ನೋಡಿ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ ₹100ರಂತೆ ಗ್ರಾಹಕನ ಖಾತೆಗೆ ಹಾಕಬೇಕು. ಗ್ರಾಹಕ ದೂರು ಕೊಡಲಿ ಎಂದು ಕಾಯುವಂತಿಲ್ಲ. ಯುಪಿಐನಂಥ ಇತರ ಪಾವತಿಗಳಿಗೂ ಇದೇ ಮಾದರಿಯ ಗಡುವುಗಳಿವೆ. ಎರಡು ಬ್ಯಾಂಕುಗಳ ಸರ್ವರ್‌ಗಳಲ್ಲಿ ತಪ್ಪು ಯಾವುದರದು ಎಂಬುದು ಅವುಗಳ ಒಳಜಗಳ. ಗ್ರಾಹಕನಿಗೆ ಅದು ಬೇಕಿಲ್ಲ. ಸರಕಾರಿ ಸೇವೆಗಳಿಗೆ ಗಡುವು ಹಾಕುವ ನಮ್ಮ ‘ಸಕಾಲ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ತಡವಾದ ದಿನಕ್ಕೆ ₹20, ಗರಿಷ್ಠ ₹500. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆಯೇ. ಆದರೆ ಸಕಾಲದ ಗಡಿಯಾರ ಒಂದೊಂದು ಸೇವೆಗೆ ಬೇರೆ ಬೇರೆಯಾಗಿ ಓಡುತ್ತದೆ. ಮೋಜಿಣಿಯ ಗಡಿಯಾರ ನಿಂತು ಭೂಮಿಯದು ಶುರುವಾಗುವ ನಡುವಿನ ದಿನಗಳು ಯಾರ ಲೆಕ್ಕದಲ್ಲೂ ಬರುವುದಿಲ್ಲ, ಬ್ಯಾಂಕಂತೂ ಅದರ ವ್ಯಾಪ್ತಿಯಲ್ಲೇ ಇಲ್ಲ. ಪರಿಹಾರವನ್ನು ರೈತ ಕೇಳಿ ಪಡೆಯಬೇಕು. ₹500ಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಯಾರು ಕೇಳಲು ಹೋಗುತ್ತಾರೆ?

ಇಷ್ಟೆಲ್ಲ ತಾಪತ್ರಯ ಯಾಕೆ, ಎಲ್ಲ ಇಲಾಖೆಗಳಿಗೂ ಸೇರಿ ಒಂದೇ ದೊಡ್ಡ ತಂತ್ರಾಂಶ ಮಾಡಿಬಿಡಿ ಎನ್ನುವವರಿದ್ದಾರೆ. ಕೇಳಲು ಚೆಂದ. ಆದರೆ ನೋಂದಣಿ, ಕಂದಾಯ, ಸಹಕಾರ ಇವುಗಳ ಕಾನೂನುಗಳೇ ಬೇರೆ, ಅಧಿಕಾರಿಗಳು ಬೇರೆ. ಒಂದರ ನಿಯಮ ಬದಲಾದಾಗಲೆಲ್ಲ ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾಗುತ್ತದೆ. ಎಲ್ಲ ಒಂದೇ ಕಡೆ ಇದ್ದರೆ ಬೀಳುವುದೂ ಒಟ್ಟಿಗೇ. 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿಯಾದಾಗ ರಾಜ್ಯದಾದ್ಯಂತ ನೋಂದಣಿ ಕುಂಟಿತು. ಪಹಣಿ, ಪರಿಹಾರ, ಬೆಳೆಸಾಲ ಎಲ್ಲವೂ ಅದೇ ಸರ್ವರ್‌ನಲ್ಲಿದ್ದಿದ್ದರೆ ಗತಿಯೇನು? ಸುಮಾರು 13 ಲಕ್ಷ ಜನಸಂಖ್ಯೆಯ ಎಸ್ಟೋನಿಯಾ 2001ರಿಂದ ಎಕ್ಸ್-ರೋಡ್ ಎಂಬ ವ್ಯವಸ್ಥೆ ನಡೆಸುತ್ತಿದೆ. ಅಲ್ಲಿ ಕೇಂದ್ರ ಭಂಡಾರವಿಲ್ಲ. ಪ್ರತಿ ಇಲಾಖೆಯ ಮಾಹಿತಿ ಅದರ ಬಳಿಯೇ ಇರುತ್ತದೆ, ಕೇಳಿದ ಪ್ರತಿ ಪ್ರಶ್ನೆಗೂ ಸಹಿ ಮತ್ತು ದಾಖಲೆ ಇರುತ್ತದೆ. ಅಷ್ಟು ಚಿಕ್ಕ ದೇಶವೇ ಒಂದೇ ಗೋದಾಮು ಕಟ್ಟಲಿಲ್ಲ ಎಂಬುದನ್ನು ಆರು ಕೋಟಿ ಮೀರಿದ ರಾಜ್ಯ ಗಮನಿಸಬೇಕು.

ಖಾಸಗಿತನದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲವನ್ನೂ ಜೋಡಿಸಿದರೆ ಸರಕಾರಕ್ಕೆ ಪ್ರಜೆಯ ಪೂರ್ತಿ ಚಿತ್ರ ಸಿಗುತ್ತದೆ ಎಂಬ ಭಯ ಸುಳ್ಳಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಆದರೆ ಪಟ್ಟಿಗಳನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳುವ ಈಗಿನ ರೂಢಿಗಿಂತ ಕಿಟಕಿಯ ಪದ್ಧತಿಯೇ ಇಲ್ಲಿ ಸುರಕ್ಷಿತ. ಬ್ಯಾಂಕಿಗೆ ರೈತನ ಎಲ್ಲ ಹೊಲಗಳ ವಿವರ ಬೇಕಿಲ್ಲ. ‘ಈ ಸರ್ವೆ ನಂಬರ್ ಇವರ ಹೆಸರಿನಲ್ಲಿದೆಯೇ, ಬೇರೆ ಬೋಜಾ ಇದೆಯೇ’ ಎಂಬುದಕ್ಕೆ ಹೌದು ಅಥವಾ ಇಲ್ಲ ಸಾಕು. ಯಾರು, ಯಾವಾಗ, ಏನು ಕೇಳಿದರು ಎಂಬುದು ರೈತನ ಮೊಬೈಲಿಗೂ ಬರಲಿ.

ಇನ್ನು ಎಲ್ಲವೂ ಬೇಗ, ತಾನಾಗಿಯೇ ಆಗಿಬಿಟ್ಟರೆ ಅನ್ಯಾಯವಾದೀತು ಎಂಬ ಅನುಮಾನ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಈ ಮಣ್ಣಿನಲ್ಲಿ ದಾಖಲೆ ಎಂದರೆ ಅಧಿಕಾರ. ವಾಲಿಕಾರ ಮನೆತನದ ಸಂಗೊಳ್ಳಿ ರಾಯಣ್ಣ 1830ರ ಜನವರಿಯಲ್ಲಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಇಟ್ಟದ್ದು ಸುಮ್ಮನೆ ಅಲ್ಲ. ಮ್ಯುಟೇಶನ್ ತಾನಾಗಿ ಆಗಿಬಿಟ್ಟರೆ ಮೊದಲು ಬಿಟ್ಟುಹೋಗುವ ಹೆಸರು ಮದುವೆಯಾಗಿ ಹೋದ ಹೆಣ್ಣುಮಕ್ಕಳದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದರೂ, ಕೇಂದ್ರದ ತಿದ್ದುಪಡಿ 2005ರಲ್ಲಿ ಬಂದರೂ ವಾಟ್ನಿ (ಪಾಲು) ಪತ್ರದಲ್ಲಿ ಅಕ್ಕತಂಗಿಯರನ್ನು ಮರೆಯುವ ರೂಢಿ ಇನ್ನೂ ಉಳಿದಿದೆ. ಆದ್ದರಿಂದ ಎಲ್ಲ ಹೆಜ್ಜೆಗಳನ್ನೂ ಯಂತ್ರಕ್ಕೆ ಬಿಡಿ ಎಂದು ನಾನು ಹೇಳುತ್ತಿಲ್ಲ. ತೀರಿದ ಸಾಲದ ಬೋಜಾ ಇಳಿಸಲು ಯಾರ ವಿಚಾರಣೆಯೂ ಬೇಕಿಲ್ಲ, ಅದು ತಾನಾಗಿಯೇ ಆಗಲಿ. ವಾರಸಾದಲ್ಲಿ ಮನುಷ್ಯರ ವಿಚಾರಣೆ ಬೇಕೇ ಬೇಕು; ಅಲ್ಲಿ ಪ್ರತಿ ವಾರಸುದಾರಳಿಗೂ ನೋಟಿಸು ಮುಟ್ಟಿದ್ದು ದಾಖಲಾಗದೆ ಕಡತ ಮುಂದೆ ಹೋಗದಂತೆ ತಂತ್ರಾಂಶವೇ ತಡೆಯಬೇಕು. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕವನ್ನು ನಿಯಮವಾಗಿ ಬರೆಯುವುದೇ ಪ್ರಕ್ರಿಯಾ ನಿರ್ವಹಣೆಯ ನಿಜವಾದ ಉಪಯೋಗ.

ಸಕಾಲವನ್ನು 2012ರ ಮಾರ್ಚಿನಲ್ಲಿ ಮೊದಲು ನಾಲ್ಕೇ ತಾಲೂಕುಗಳಲ್ಲಿ ಪ್ರಯೋಗಿಸಿ ನೋಡಲಾಗಿತ್ತು. ಅದೇ ಬಗೆಯ ಪ್ರಯೋಗವನ್ನು ಬೈಲಹೊಂಗಲ ಉಪವಿಭಾಗದಲ್ಲಿ ಮಾಡಬಹುದು. ಮ್ಯುಟೇಶನ್ ಮೇಲ್ಮನವಿಗಳು ಹೇಗೂ ಉಪವಿಭಾಗಾಧಿಕಾರಿಗಳ ಮುಂದೆಯೇ ಬರುತ್ತವೆ. ತಂತ್ರಾಂಶಗಳ ನಡುವೆ ಏಳು ದಿನಕ್ಕಿಂತ ಹೆಚ್ಚು ಕಾಲ ಸಿಕ್ಕಿಕೊಂಡ ಪ್ರತಿ ಸಂದೇಶದ ಪಟ್ಟಿ, ಸರ್ವೆ ನಂಬರ್ ಮತ್ತು ಕಾರಣದ ಸಮೇತ, ಪ್ರತಿ ಸೋಮವಾರ ಅವರ ಪರದೆಯ ಮೇಲೆ ಬರಲಿ. ರೈತನ ಹೆಸರು ಬಿಟ್ಟು ಅದೇ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಗೂ ಹತ್ತಲಿ. ಹೆಸರಿನ ವ್ಯತ್ಯಾಸವಿದ್ದರೆ ಗ್ರಾಮ ಆಡಳಿತಾಧಿಕಾರಿಯೇ ಮನೆಗೆ ಹೋಗಿ ಸರಿಪಡಿಸಲಿ, ಸರಿಪಡಿಸಿದ್ದು ಭೂಮಿ, ಫ್ರೂಟ್ಸ್, ಬ್ಯಾಂಕು ಮೂರಕ್ಕೂ ಒಮ್ಮೆಗೇ ಮುಟ್ಟಲಿ. ಸಾಲ ತೀರಿದ ಹದಿನೈದು ದಿನದೊಳಗೆ ಬೋಜಾ ಇಳಿಯದಿದ್ದರೆ ದಿನಕ್ಕೆ ₹100ರಂತೆ ಬ್ಯಾಂಕೇ ರೈತನ ಖಾತೆಗೆ ಹಾಕಲಿ. ಈ ದಂಡವನ್ನು ಕೆಳಗಿನ ನೌಕರನ ಸಂಬಳದಿಂದ ಮುರಿಯುವುದು ಮಾತ್ರ ಬೇಡ: ಹಾಗೆ ಮಾಡಿದರೆ ಅವನು ಗಡುವಿನ ಹಿಂದಿನ ದಿನ ಅರ್ಜಿಯನ್ನೇ ತಿರಸ್ಕರಿಸಿ ಕೈತೊಳೆದುಕೊಳ್ಳುತ್ತಾನೆ. ದಂಡ ಸಂಸ್ಥೆಯ ಖಾತೆಯಿಂದ ಹೋಗಬೇಕು. ಆಗ ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವ ಗರಜು, ಇಷ್ಟು ವರ್ಷ ರೈತನೊಬ್ಬನಿಗೇ ಇದ್ದದ್ದು, ಬ್ಯಾಂಕಿನ ವ್ಯವಸ್ಥಾಪಕರಿಗೂ ಇಲಾಖೆಯ ಕಾರ್ಯದರ್ಶಿಗೂ ಬರುತ್ತದೆ.