ಚಾಪೆ ಹಾಸಿದ್ದೀರಿ, ನೆಲ ಯಾರದು?



ಈಗ ಎಲ್ಲೆಲ್ಲೂ ಸುಸ್ಥಿರ ಕೃಷಿಯ ಮಾತು. ರೈತ ಮುಖಂಡರು, ವಿಜ್ಞಾನಿಗಳು, ಬ್ಯಾಂಕಿನವರು, ಬೀಜ ಗೊಬ್ಬರದ ಅಂಗಡಿಯವರು ಎಲ್ಲರೂ ಒಂದೇ ಕಡೆ ಕೂತು ಮಾತಾಡಬೇಕಂತೆ. ಮಾತಾಡಲಿ. ಮಣ್ಣು ಸಾಯ್ತಿದೆ ಅನ್ನೋದು ಸುಳ್ಳಲ್ಲ. ಆದರೆ ಅಲ್ಲಿ ಕೂಲಿಯವರ ಜಾಗ ಎಲ್ಲಿ?

ಇಂಥ ಒಂದು ಸಭೆಗೆ ನಾವು ಹೋಗಿದ್ದೆವು. ಮುಂದಿನ ಸಾಲಿನಲ್ಲಿ ಜಮೀನಿದ್ದವರು. ಬಾಗಿಲ ಹತ್ತಿರ ನಮ್ಮ ಕೇರಿಯ ಹೆಂಗಸರು. ಕಳೆನಾಶಕದಿಂದ ಎಷ್ಟು ಎರೆಹುಳ ಸಾಯುತ್ತವೆ ಅಂತ ಒಬ್ಬರು ಲೆಕ್ಕ ಹೇಳಿದರು. ಕಳೆ ಕೀಳುವವಳ ಲೆಕ್ಕ ಯಾರೂ ಹೇಳಲಿಲ್ಲ. ನಮ್ಮ ಅವ್ವನೊಬ್ಬಳು ಎದ್ದು ನಿಂತು, "ಸ್ವಾಮಿ, ಆ ಔಸ್ದ ಬಂದ್ಮೇಲೆ ನಮ್ಗೆ ಕಳೆ ಕೂಲಿನೂ ಹೋಯ್ತು, ಅಣ್ಣೆಸೊಪ್ಪಿನ ಸಾರೂ ಹೋಯ್ತು" ಅಂದಳು. "ಅದು ಬೇರೆ ವಿಷಯ, ಕೂತ್ಕಳಮ್ಮ" ಅಂದರು.

ಬೇರೆ ವಿಷಯ ಹೇಗಾಗುತ್ತೆ? ವಿಷ ಬಿಟ್ಟ ಬೇಸಾಯದಲ್ಲಿ ಸಗಣಿ ಹೊರೋದು, ತಿಪ್ಪೆ ತೆಗೆಯೋದು, ಬಗ್ಗಿ ಕಳೆ ಕೀಳೋದು ಎಲ್ಲ ಹೆಚ್ಚುತ್ತೆ. ಆ ಬೆವರು ಯಾರದು? ಅದಕ್ಕೆ ಬೆಲೆ ಕಟ್ಟದೆ ಹಳೇ ಬೇಸಾಯಕ್ಕೆ ಹೋಗೋಣ ಅಂದರೆ, ಹಳೇ ಜೀತಕ್ಕೂ ಹೋಗೋಣ ಅಂದಂತೆ.

ಕೋಲಾರ, ತುಮಕೂರು ಸೀಮೆಯ ಕೆರೆಗಳನ್ನೇ ನೋಡಿ. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚಿದ ನೀರಗಂಟಿ ಎಷ್ಟೋ ಊರುಗಳಲ್ಲಿ ನಮ್ಮವನೇ. ಬರದ ವರ್ಷ ಇರೋ ನೀರನ್ನ ಕೊನೇ ಗದ್ದೆವರೆಗೂ ಮುಟ್ಟಿಸೋ ವಿದ್ಯೆ ಅವನದು. ಅವನ ಮಕ್ಕಳು ಇವತ್ತು ಕೆರೆಯ ಹೂಳು ಹೊರುತ್ತಾರೆ. ಹೂಳು ಬೀಳೋದು ಹೊಲ ಇದ್ದವನ ಹೊಲಕ್ಕೆ.

ಹೊಲ ಯಾರಿಗಿದೆ? 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಕೂಲಿಗಳು. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಗಳ ಕೈಲಿರೋದು ನೂರಕ್ಕೆ 9 ಪಾಲೂ ಇಲ್ಲ. 2020ರಲ್ಲಿ ಸರ್ಕಾರ 79ಎ, 79ಬಿ ಕಲಮುಗಳನ್ನ ಕಿತ್ತುಹಾಕಿತು. ನೇಗಿಲು ಮುಟ್ಟದ ದುಡ್ಡಿನವನೂ ಈಗ ಹೊಲ ಕೊಳ್ಳಬಹುದು. ಉತ್ತವನು ಕೊಳ್ಳಲಾರ.

ಸಣ್ಣ ರೈತ ನಮ್ಮ ಶತ್ರುವಲ್ಲ. ಸಾಲದಲ್ಲಿ ಅವನೂ ಮುಳುಗಿದ್ದಾನೆ. ಅವನ ಜೊತೆ ಕೂರಲು ನಾವು ಸಿದ್ಧ. ಆದರೆ ಸಭೆಗೆ ಲಕ್ಷಣವಾಗಿರಲಿ ಅಂತ ಬಾಗಿಲಲ್ಲಿ ಕೂರೋಕೆ ಸಿದ್ಧರಿಲ್ಲ. 1930ರಲ್ಲಿ ಬಾಬಾಸಾಹೇಬರು ಲಂಡನ್ನಿನ ದುಂಡುಮೇಜಿಗೆ ಹೋದದ್ದು ತಲೆಯಾಡಿಸೋಕಲ್ಲ. ನಮ್ಮ ಹಕ್ಕುಗಳ ಪಟ್ಟಿ ಹಿಡಿದು ಹೋದರು.

ನಮ್ಮ ಪಟ್ಟಿಯೂ ಇದೆ. ಒಂದು, ಸಭೆ ಕೇರಿಗೆ ಬರಲಿ, ಕೆಲಸ ಮುಗಿದ ಸಂಜೆ ನಡೆಯಲಿ. ಹಗಲೇ ಆದರೆ ಬಂದವರಿಗೆ ಆ ದಿನದ ಕೂಲಿ ಕೊಡಲಿ. ಎರಡು, ಕೂಲಿ ದರ ಚರ್ಚೆಯ ಮೊದಲ ವಿಷಯವಾಗಲಿ, ಕೊನೆಯದಲ್ಲ. ಮೂರು, ಊರಿನ ಸರ್ಕಾರಿ ಜಮೀನು ಎಷ್ಟಿದೆ, ಯಾರ ಒತ್ತುವರಿಯಲ್ಲಿದೆ ಅಂತ ಸಭೆಯಲ್ಲೇ ಓದಿ ಹೇಳಲಿ. ಅದು ಭೂಹೀನರಿಗೆ ಸಿಗಲಿ.

ಮಣ್ಣು ಉಳಿಯಬೇಕು, ನಿಜ. ಅದರ ಜೊತೆ ಮಣ್ಣಲ್ಲಿ ದುಡಿಯೋ ಕೈಯೂ ಉಳಿಯಬೇಕು. ಮುಂದಿನ ಸಭೆಗೆ ಕರೆ ಬಂದರೂ ಬರದಿದ್ದರೂ ಆ ಅವ್ವನ ಜೊತೆ ನಾವೆಲ್ಲ ಹೋಗೋಣ. ಈ ಸಲ ಮುಂದಿನ ಸಾಲಿಗೆ.

ಜೈಭೀಮ್.