ಮನೆಯ ಕಂಪ್ಯೂಟರಿಗೆ ಕಚೇರಿಯ ಅಳತೆಗೋಲು ಯಾಕೆ?

ಆಫೀಸ್ ತಂತ್ರಾಂಶಗಳ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: ಇದು ಮೈಕ್ರೋಸಾಫ್ಟ್ ವರ್ಡ್‌ನಷ್ಟು ಚೆನ್ನಾಗಿದೆಯೇ? ಪ್ರಶ್ನೆಯೇ ತಪ್ಪು. ಮನೆಯಲ್ಲಿ ನಾವು ಮಾಡುವುದೇನು? ಹೌಸಿಂಗ್ ಸೊಸೈಟಿಗೊಂದು ಅರ್ಜಿ, ತಿಂಗಳ ಖರ್ಚಿನ ಲೆಕ್ಕ, ಕನ್ನಡ ಸಂಘದ ಸ್ಮರಣ ಸಂಚಿಕೆಗೊಂದು ಲೇಖನ. ಇಷ್ಟಕ್ಕೆ ವರ್ಷ ವರ್ಷ ಚಂದಾ ಕಟ್ಟುವುದೆಂದರೆ ಸೊಪ್ಪು ತರಲು ಲಾರಿ ಬಾಡಿಗೆಗೆ ಹಿಡಿದ ಹಾಗೆ. ಮೈಕ್ರೋಸಾಫ್ಟ್ 365ರ ಚಂದಾ ನಿಂತರೆ, ನಿಮ್ಮ ಕಂಪ್ಯೂಟರಿನಲ್ಲಿರುವ ವರ್ಡ್ ನಿಮ್ಮದೇ ಪತ್ರವನ್ನು ಓದಲು, ಪ್ರಿಂಟ್ ತೆಗೆಯಲು ಬಿಡುತ್ತದೆ; ತಿದ್ದಲು ಬಿಡುವುದಿಲ್ಲ.

ಲಿಬ್ರೆಆಫೀಸ್ ಪುಕ್ಕಟೆ ಎನ್ನುವುದು ನನಗೆ ಎರಡನೆಯ ಮಾತು. ಮೊದಲನೆಯದು ಕಡತ. ಅದು ಬಳಸುವ ಓಡಿಎಫ್ 2006ರಿಂದ ಐಎಸ್‌ಒ ಮಾನಕ. ಮೈಕ್ರೋಸಾಫ್ಟಿನ ಮಾದರಿಗೂ 2008ರಲ್ಲಿ ಅದೇ ಮುದ್ರೆ ಬಿತ್ತು, ಭಾರತ ವಿರುದ್ಧ ಮತ ಹಾಕಿದ್ದರೂ.

ಕಡತ ಕೈಬಿಟ್ಟುಹೋಗುವುದೆಂದರೇನೆಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತವನ್ನು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕನ್ನಡ’ದ ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಕೂತಿರುತ್ತದೆ. ಮೇಲೆ ಕನ್ನಡದ ವೇಷ, ಒಳಗೆಲ್ಲ ರೋಮನ್. ಅಂಥ ಹಳೆಯ ಸಂಚಿಕೆಗಳನ್ನು ಪರಿವರ್ತಕಕ್ಕೆ ಹಾಕಿ ಒತ್ತಕ್ಷರ ತಿದ್ದುವ ಕೆಲಸ ನನಗೆ ಆಗಾಗ ಸಿಗುತ್ತದೆ, ದುಡ್ಡೂ ಬರುತ್ತದೆ. ಆ ಕೆಲಸವೇ ಇಲ್ಲವಾಗಲಿ ಎಂದು ಹಾರೈಸುತ್ತೇನೆ.

ಹಾಗಂತ ಲಿಬ್ರೆಆಫೀಸ್‌ಗೆ ಆರತಿ ಎತ್ತುತ್ತಿಲ್ಲ. ಅದರ ಸೆಟ್ಟಿಂಗಿನಲ್ಲಿ ಭಾಷೆಗಳದು ಮೂರು ಜಾತಿ: ಪಾಶ್ಚಾತ್ಯ, ಏಷ್ಯನ್, ಕಾಂಪ್ಲೆಕ್ಸ್. ಕನ್ನಡ ಮೂರನೆಯದು. ಇದು ಗೊತ್ತಿಲ್ಲದವರು ಸ್ಟೈಲಿನಲ್ಲಿ ಅಕ್ಷರದ ಗಾತ್ರವನ್ನು 14ಕ್ಕೆ ಏರಿಸುತ್ತಾರೆ. ಇಂಗ್ಲಿಷ್ ಉಬ್ಬುತ್ತದೆ, ಕನ್ನಡ ಕೂತಲ್ಲೇ ಕೂತಿರುತ್ತದೆ. (ಬರೆದಂತೆ ಓದುವ ಲಿಪಿ ‘ಕಾಂಪ್ಲೆಕ್ಸ್’, ಇಂಗ್ಲಿಷಿನ ಸ್ಪೆಲ್ಲಿಂಗ್ ಮಾತ್ರ ಸರಳ!) ಇನ್ನು ಕಾಗುಣಿತ ಪರೀಕ್ಷೆ. ಬರೀ ಪದಪಟ್ಟಿ ನೋಡಿ ಕೆಂಪು ಗೆರೆ ಎಳೆಯುವುದಾದರೆ ಅದು ಯಾವ ತಂತ್ರಾಂಶದಲ್ಲಿದ್ದರೂ ಕನ್ನಡಕ್ಕೆ ಸಾಲದು. ‘ಮನೆ’ ಪಟ್ಟಿಯಲ್ಲಿರುತ್ತದೆ, ‘ಮನೆಯಲ್ಲಿದ್ದವರಿಗೂ’ ಎಲ್ಲಿಂದ ಬರಬೇಕು? ವಿಮರ್ಶಕರು ಇದನ್ನೆಲ್ಲ ನೋಡುವುದೇ ಇಲ್ಲ. ಅವರ ಪರೀಕ್ಷೆ ಇಂಗ್ಲಿಷಿನಲ್ಲೇ ಮುಗಿದಿರುತ್ತದೆ.

ವರ್ಡ್ ಕಡತದ ಟೇಬಲ್ಲು ಲಿಬ್ರೆಆಫೀಸ್‌ನಲ್ಲಿ ಒಮ್ಮೊಮ್ಮೆ ಅಲುಗುತ್ತದೆ ಎಂಬ ದೂರು ನಿಜ. ಗಿರಾಕಿಯ ಕರಾರುಪತ್ರ ತಿದ್ದುವಾಗ ನಾನೂ ವರ್ಡ್ ತೆರೆಯುತ್ತೇನೆ. ಆದರೆ ಅದು ಕಚೇರಿಯ ಸಂಕಟ. ಅದರ ಬಿಲ್ಲನ್ನು ಮನೆಯವರು ಯಾಕೆ ಕಟ್ಟಬೇಕು? ಪಿಡಿಎಫ್ ಮಾಡಿ ಕಳಿಸಿದರೆ ಅರ್ಜಿಯನ್ನು ಯಾವುದರಲ್ಲಿ ಬರೆದಿರಿ ಎಂದು ಸೊಸೈಟಿಯ ಸೆಕ್ರೆಟರಿ ಕೇಳುವುದಿಲ್ಲ.

ಹೋಲಿಕೆಯ ಪಟ್ಟಿಗಳನ್ನು ಬದಿಗಿಟ್ಟು ಒಂದು ಭಾನುವಾರ ನೀವೇ ಪರೀಕ್ಷಿಸಿ. ಯೂನಿಕೋಡಿನಲ್ಲಿ ಎರಡು ಪುಟ ಕನ್ನಡ ಟೈಪ್ ಮಾಡಿ, ನೆಂಟರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಉಳಿಸಿ. ಆಮೇಲೆ ಅದೇ ಕಡತವನ್ನು ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ತೆರೆಯಿರಿ.